ಹಾಡಿದಾಕಿ ಯಾರು?

ಹುಮನಾಬಾದಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲಿನಲ್ಲಿ ಚಹಾ ಕುಡೀತಾ ಕೂತಿದ್ದೆ. ಬಸವಕಲ್ಯಾಣದಲ್ಲಿ ಕಾರ್ಯಕ್ರಮ ಮುಗಿಸಿ, ಹೈದರಾಬಾದಿಗೆ ಹೋಗಿ ವಿಮಾನ ಹಿಡಿಯಬೇಕಿತ್ತು. ಟಿವಿಯಲ್ಲಿ ಮುಖ ನೋಡಿದವರು ಬಂದು ಸೆಲ್ಫಿ ಕೇಳೋದು ಮಾಮೂಲು. ಐವತ್ತರ ಆಸುಪಾಸಿನ ಒಬ್ಬರು ಬಂದರು, ಸೆಲ್ಫಿ ಕೇಳಲಿಲ್ಲ. ಕೈಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. ಟೇಲರಿಂಗ್ ಅಂಗಡಿ ಇಟ್ಟುಕೊಂಡವರು.

"ಸರ್, ಇದರಾಗ ಒಂದು ಹಾಡು ಅದ ರೀ. ಮೂರು ಮಂದಿ ಹೆಣ್ಮಕ್ಕಳು ಹಾಡ್ಯಾರ. ಅದರಾಗ ನಮ್ಮವ್ವ ಇದ್ದಾಳ ಅಂತಾರ. ನನಗ ಆಕಿ ಧ್ವನಿ ನೆಪ್ಪಿಲ್ಲ ರೀ. ನಾ ಎರಡನೇತ್ತಿ ಇದ್ದಾಗ ತೀರಿಕೊಂಡ್ಲು. ನೀವು ಟಿವಿಯವರು, ಏನರ ಹಚ್ಚಿ ಕಂಡುಹಿಡೀತೀರೇನು?"

ಟಿವಿಯವರಿಗೆ ಎಲ್ಲಾ ಗೊತ್ತು ಅಂತ ಜನ ನಂಬಿದ್ದಾರೆ. ಆ ನಂಬಿಕೆಗೆ ನಾವು ಎಷ್ಟು ಅರ್ಹರು ಅನ್ನೋದನ್ನ ಮುಂದೆ ಹೇಳ್ತೀನಿ. ಕ್ಯಾಸೆಟ್ ತೆಗೆದುಕೊಂಡೆ. ಇಂಥ ಹುಡುಕಾಟಗಳ ಬಗ್ಗೆ ಅದಕ್ಕೂ ಮೊದಲೇ ನನಗೆ ಒಂಥರಾ ಹುಚ್ಚು ಹತ್ತಿತ್ತು. ಮೊದಲು ಅದನ್ನೇ ಹೇಳ್ತೀನಿ.

ಜರ್ಮನಿಯಲ್ಲಿ ಎಂಬತ್ತರ ದಶಕದ ಮೊದಲರ್ಧದಲ್ಲಿ ಒಬ್ಬ ಹುಡುಗ ರೇಡಿಯೋದಿಂದ ಹಾಡುಗಳನ್ನ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ. ನಾವೂ ಮಾಡ್ತಿದ್ದೆವಲ್ಲ, ಅದೇ ಕೆಲಸ. ನಡುವೆ ನಿರೂಪಕರ ಮಾತು ಬಂದರೆ ಕತ್ತರಿಸಿಬಿಡುತ್ತಿದ್ದ. ಅಲ್ಲೇ ಆಗಿದ್ದು ಎಡವಟ್ಟು. ಹಾಡು ಉಳೀತು, ಹೆಸರು ಹೋಯ್ತು. 2007ರಲ್ಲಿ ಅವನ ಅಕ್ಕತಂಗಿಯರಲ್ಲಿ ಒಬ್ಬಳು ಅದರ ತುಣುಕನ್ನ ಇಂಟರ್ನೆಟ್ಟಿಗೆ ಹಾಕಿ ಇದು ಯಾರ ಹಾಡು ಅಂತ ಕೇಳಿದಳು. ಯಾರಿಗೂ ಗೊತ್ತಿಲ್ಲ! ವರ್ಷಗಳು ಕಳೆದವು. ಪ್ರಶ್ನೆ ಬೆಳೀತಾ ಹೋಯ್ತು. ಒಬ್ಬರಿಗೊಬ್ಬರು ಮುಖ ನೋಡದ ಸಾವಿರಾರು ಜನ ಸೇರಿ ಅದಕ್ಕೆ 'ಇಂಟರ್ನೆಟ್ಟಿನ ಅತಿ ನಿಗೂಢ ಹಾಡು' ಅಂತ ಹೆಸರಿಟ್ಟರು.

ಅವರು ಹುಡುಕಿದ ರೀತಿ ನೋಡಿ. ಹಾಡಿನ ಸಾಹಿತ್ಯ ಸರಿಯಾಗಿ ಕೇಳಿಸದು, ಒಬ್ಬೊಬ್ಬರಿಗೆ ಒಂದೊಂದು ಥರ. ಹಾಗಾಗಿ ಪದ ಟೈಪ್ ಮಾಡಿ ಹುಡುಕುವ ದಾರಿ ಬಂದ್. ಸರಿ, ಟೇಪಿನಲ್ಲಿ ಅದರ ಹಿಂದೆ ಮುಂದೆ ಯಾವ ಹಾಡುಗಳಿವೆ, ಅವು ಬಿಡುಗಡೆಯಾಗಿದ್ದು ಯಾವಾಗ ಅಂತ ನೋಡಿದರು. ರೆಕಾರ್ಡ್ ಮಾಡಿದ ಯಂತ್ರ ಯಾವ ಕಂಪನಿಯದು, ಮಾರುಕಟ್ಟೆಗೆ ಬಂದಿದ್ದು ಎಂದು ಅಂತ ನೋಡಿದರು. ಅದು 1984ರ ಸುಮಾರಿನ ಮಾದರಿ. ಕಿವಿಗೆ ಬೀಳದಷ್ಟು ಸಣ್ಣ ಶಿಳ್ಳೆಯಂಥ ಒಂದು ಗೆರೆ ಧ್ವನಿಮುದ್ರಣದ ಉದ್ದಕ್ಕೂ ಇತ್ತು. ಅದನ್ನ ಹಿಡಿದು, ಇದು ಉತ್ತರ ಜರ್ಮನಿಯ ಎನ್‌ಡಿಆರ್ ರೇಡಿಯೋದ ಪ್ರಸಾರವೇ ಅನ್ನೋ ತೀರ್ಮಾನಕ್ಕೆ ಬಲ ತಂದರು. ನಮ್ಮ ಕ್ರೈಂ ಬ್ಯೂರೋದವರಿಗೂ ಇಷ್ಟು ತಾಳ್ಮೆ ಇಲ್ಲ, ಇರಲಿ.

ಕೊನೆಗೆ ಉತ್ತರ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಯಂತ್ರದಿಂದ ಅಲ್ಲ. ಹಳೇ ಪತ್ರಿಕೆಗಳಲ್ಲಿ ಸ್ಥಳೀಯ ಬ್ಯಾಂಡ್‌ಗಳ ಬಗ್ಗೆ ಬಂದ ಸುದ್ದಿಗಳನ್ನ ಒಂದೊಂದಾಗಿ ಓದುತ್ತಿದ್ದ ಒಬ್ಬ ಹುಡುಕಾಟಗಾರ ಕೀಲ್ ನಗರದ ಫೆಕ್ಸ್ ಅನ್ನೋ ಬ್ಯಾಂಡಿನ ಹಳೇ ಸದಸ್ಯರನ್ನ ಸಂಪರ್ಕಿಸಿದ. ಹಾಡು ಅವರದೇ. ಹೆಸರು 'ಸಬ್‌ವೇಸ್ ಆಫ್ ಯುವರ್ ಮೈಂಡ್'. ಜಗತ್ತು ತಮ್ಮನ್ನ ಇಷ್ಟು ವರ್ಷ ಹುಡುಕುತ್ತಿದೆ ಅನ್ನೋದು ಆ ಬ್ಯಾಂಡಿನವರಿಗೇ ಗೊತ್ತಿರಲಿಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ಬಯಲಾಗಿತ್ತು. ಬರೀ 17 ಸೆಕೆಂಡಿನ ತುಣುಕು. 2021ರಲ್ಲಿ ಯಾರೋ ಹಾಕಿದ್ದು. ಜಾಹೀರಾತಿನದು ಅಂದರು, ಜಪಾನಿನದು ಅಂದರು, ಸುಳ್ಳೇ ಸೃಷ್ಟಿಸಿದ್ದು ಅಂತಲೂ ಅಂದರು. ಕೊನೆಗೆ ಅದು ಸಿಕ್ಕಿದ್ದು 1986ರ ಒಂದು ವಯಸ್ಕರ ಚಿತ್ರದ ಹಿನ್ನೆಲೆಯಲ್ಲಿ! ಬೂತ್ ಅನ್ನೋ ಅಣ್ಣತಮ್ಮಂದಿರು ಮಾಡಿದ ಹಾಡು. ಇಂಗ್ಲೆಂಡಿನ ಪಂಚಿಕೋ ಬ್ಯಾಂಡಿನ ಕಥೆ ಇನ್ನೂ ಚೆಂದ. 2000ದಲ್ಲಿ ಹುಡುಗರು ಮೂವತ್ತರಷ್ಟು ಸಿಡಿ ಮಾಡಿ ಹಂಚಿ ಸುಮ್ಮನಾದರು. 2016ರಲ್ಲಿ ನಾಟಿಂಗ್‌ಹ್ಯಾಮ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸಿಡಿ ಯಾರಿಗೋ ಸಿಕ್ಕಿತು, ಅದೂ ಕೆಟ್ಟು ಕರಕರ ಅನ್ನುತ್ತಿದ್ದದ್ದು. ನಾಲ್ಕು ವರ್ಷ ಹುಡುಕಿ ಗಾಯಕನನ್ನ ಹಿಡಿದರು. ಆ ಬ್ಯಾಂಡ್ ಮತ್ತೆ ಒಂದಾಗಿ ಊರೂರು ತಿರುಗಿ ಹಾಡಿತು.

ಇದರಲ್ಲಿ ಕೆಟ್ಟದ್ದೂ ಇದೆ. ಯಾವುದೋ ಧ್ವನಿ ಹೋಲುತ್ತೆ ಅಂತ ಪಾಪದ ಹಳೇ ಸಂಗೀತಗಾರರಿಗೆ ಫೋನ್ ಮೇಲೆ ಫೋನ್ ಮಾಡಿ ಪೀಡಿಸಿದವರಿದ್ದಾರೆ. ಹೆಸರು ಬರಲಿ ಅಂತ ಸುಳ್ಳು ಪುರಾವೆ ಹುಟ್ಟಿಸಿದವರಿದ್ದಾರೆ.

ಈಗ ನೀವು ಕೇಳ್ತೀರಿ, ಇಷ್ಟೆಲ್ಲಾ ಯಾಕೆ, ಮೊಬೈಲ್ ಹಿಡಿದರೆ ಹಾಡಿನ ಹೆಸರು ಹೇಳುತ್ತಲ್ಲ ಅಂತ. ಹೇಳುತ್ತೆ. ಶಝಾಮ್ ಬ್ರಿಟನ್‌ನಲ್ಲಿ ಶುರುವಾಗಿದ್ದೇ 2002ರಲ್ಲಿ. ಆಗ 2580ಗೆ ಫೋನ್ ಮಾಡಿ ಹಾಡಿಗೆ ಫೋನ್ ಹಿಡಿಯಬೇಕಿತ್ತು, ಮೆಸೇಜಿನಲ್ಲಿ ಹೆಸರು ಬರೋದು. ಆದರೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದರೆ ಅದರ ಮಿತಿಯೂ ಗೊತ್ತಾಗುತ್ತೆ. ನಮ್ಮ ಹೆಣ್ಣುಮಕ್ಕಳು ರಂಗೋಲಿಗೆ ಮೊದಲು ಚುಕ್ಕಿ ಇಡ್ತಾರಲ್ಲ, ಹಾಗೆ ಅದು ಶಬ್ದಕ್ಕೆ ಚುಕ್ಕಿ ಇಡುತ್ತೆ. ಯಾವ ಕ್ಷಣದಲ್ಲಿ ಯಾವ ಎತ್ತರದ ಶಬ್ದ ಜೋರಾಗಿತ್ತು ಅನ್ನೋದಕ್ಕೆ ಒಂದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಎಷ್ಟು ಅಂತರ ಅಂತ ಲೆಕ್ಕ ಹಾಕಿ, ತನ್ನ ಉಗ್ರಾಣದಲ್ಲಿರೋ ರಂಗೋಲಿಗಳ ಜೊತೆ ತಾಳೆ ನೋಡುತ್ತೆ. ಅಂದರೆ ಅದು ಗುರುತಿಸೋದು ಹಾಡನ್ನಲ್ಲ, ಒಂದು ನಿರ್ದಿಷ್ಟ ಧ್ವನಿಮುದ್ರಣವನ್ನ. ಅದೇ ಹಾಡನ್ನ ನಿಮ್ಮ ಅಮ್ಮ ಅಡುಗೆಮನೆಯಲ್ಲಿ ಹಾಡಿದರೆ ಚುಕ್ಕಿಗಳೇ ಬೇರೆ. ಯಂತ್ರಕ್ಕೆ ಅದು ಗೊತ್ತಿಲ್ಲದ ಹಾಡು. 2020ರಲ್ಲಿ ಗೂಗಲ್‌ನವರು ಗುನುಗಿದರೂ ಹುಡುಕಿಕೊಡುವ ಸೌಲಭ್ಯ ತಂದರು. ಅದು ಧಾಟಿಯನ್ನ ಹಿಡಿಯುತ್ತೆ ನಿಜ. ಆದರೆ ಅದರ ಪಟ್ಟಿಯಲ್ಲಿ ಇರೋ ಧಾಟಿ ಮಾತ್ರ.

ಹುಮನಾಬಾದಿನ ಕ್ಯಾಸೆಟ್ಟಿಗೆ ಅದು ತೋರಿಸಿದ್ದು ಒಂದು ಟರ್ಕಿ ಹಾಡು. ನಕ್ಕು ಫೋನ್ ಬದಿಗಿಟ್ಟೆವು.

ಕ್ಯಾಸೆಟ್ಟಿನಲ್ಲಿ ಇದ್ದದ್ದು ಇಷ್ಟು. ಸುಮಾರು ನಾಲ್ಕು ನಿಮಿಷ ಮೂವರು ಹೆಂಗಸರ ಭಜನೆ, ತಾಳದ ಸದ್ದು, ದೂರದಲ್ಲಿ ಒಂದು ಲಾರಿ ಹಾರ್ನ್. ಆಮೇಲೆ ಹಾಡು ಇನ್ನೂ ನಡೆಯುತ್ತಿರುವಾಗಲೇ ಟಕ್ ಅಂತ ಕಟ್ ಆಗಿ 'ಕುರ್ಬಾನಿ' ಸಿನಿಮಾ ಹಾಡು! ಯಾರೋ ಪುಣ್ಯಾತ್ಮರು ಅದರ ಮೇಲೇ ರೆಕಾರ್ಡ್ ಮಾಡಿಬಿಟ್ಟಿದ್ದಾರೆ. ಬೈಯೋಣ ಅನ್ನಿಸಿತು. ಆದರೆ ಅದೇ ಒಂದು ಸುಳಿವೂ ಆಯ್ತು. 'ಕುರ್ಬಾನಿ' ಬಂದದ್ದು 1980ರಲ್ಲಿ, ಎಲ್ಲರ ಮನೆಯಲ್ಲೂ ಅದೇ ಹಾಡು. ಆ ಗುಂಗಿನಲ್ಲೇ ಮೇಲೆ ರೆಕಾರ್ಡ್ ಮಾಡಿದ್ದರೆ ಹೆಂಗಸರ ಹಾಡು ಅದಕ್ಕೂ ತುಸು ಹಿಂದಿನದು. ಟೇಪ್ ರೆಕಾರ್ಡರ್ ಇದ್ದದ್ದು ಓಣಿಯಲ್ಲಿ ಒಂದೇ ಮನೆಯಲ್ಲಿ, ದುಬೈಗೆ ಹೋಗಿ ಬಂದವರು 1979ರಲ್ಲಿ ತಂದದ್ದು. ತಾಯಿ ತೀರಿಕೊಂಡದ್ದು 1981ರಲ್ಲಿ. ಹಾಗಾದರೆ ಆ ಮೂವರಲ್ಲಿ ಆಕೆ ಇರಬಹುದು ಅನ್ನೋ ಮಾತಿಗೆ ಲೆಕ್ಕ ಅಡ್ಡ ಬರಲಿಲ್ಲ.

ಆದರೆ ಹಾಡಿನ ಕೊನೆ ಅಳಿಸಿಹೋಗಿತ್ತು. ನಮ್ಮ ಕಡೆಯ ಹಾಡುಗಳಲ್ಲಿ ಕೊನೆ ಹೋದರೆ ಏನು ಹೋದ ಹಾಗೆ ಅಂತ ಗೊತ್ತಲ್ಲ? ಅಂಕಿತ ಹೋಯ್ತು.

ಈ ಮಾತನ್ನ ಕಲ್ಯಾಣದ ನೆಲದಲ್ಲಿ ನಿಂತು ಹೇಳೋದಕ್ಕೆ ಅರ್ಥ ಇದೆ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಕಾಯಕದ ಜನ, ಹೆಂಗಸರು, ಎಲ್ಲರೂ ವಚನ ಹೇಳಿದರು. ಹೇಳಿದವರು ತಮ್ಮ ಹೆಸರು ಹಾಕಲಿಲ್ಲ. ತಮ್ಮ ಇಷ್ಟದೈವದ ಹೆಸರು ಹಾಕಿದರು. ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಮೋಳಿಗೆಯ ಮಾರಯ್ಯನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಅವನ ಹೆಂಡತಿ ಮಹಾದೇವಿ ಅದರ ಹಿಂದೆ 'ಎನ್ನಯ್ಯಪ್ರಿಯ ಇಮ್ಮಡಿ' ಅಂತ ಸೇರಿಸಿ ತನ್ನದನ್ನ ಬೇರೆ ಮಾಡಿಕೊಂಡಳು. ಗಂಡನ ದೇವರೇ ಇರಲಿ, ಸಹಿ ನನ್ನದು! ದಾಸರು ಬಂದರು, ಪುರಂದರ ವಿಠಲ, ಕಾಗಿನೆಲೆಯಾದಿಕೇಶವ. ಶರೀಫರು ಬಂದರು, ಶಿಶುನಾಳಧೀಶ. ಹಾಡು ಎಷ್ಟು ಬಾಯಿ ದಾಟಿದರೂ ವಿಳಾಸ ಜೊತೆಗೇ ಹೋಗುತ್ತಿತ್ತು.

ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದರು. ವಚನದ ಕಟ್ಟುಗಳು ಮನೆಮನೆಯ ಜಗಲಿ ಸೇರಿದವು, ಓದುವವರಿಲ್ಲದೆ ಪೂಜೆಗಷ್ಟೇ ಉಳಿದವು. ಏಳು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ವಿಜಯಪುರದ ವಕೀಲರು ಫ. ಗು. ಹಳಕಟ್ಟಿ ಊರೂರು ತಿರುಗಿ ಆ ತಾಳೆಗರಿಗಳನ್ನ ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಒಬ್ಬರೇ ಒಂದು ಹುಡುಕಾಟದ ಬಳಗ ಆಗಿದ್ದರು ಆ ಮನುಷ್ಯ. ಯಾವ ವಚನ ಯಾರದು ಅಂತ ಹೇಳಲು ಅವರಿಗೂ, ಅವರ ನಂತರದವರಿಗೂ ಮುಖ್ಯವಾಗಿ ನೆರವಾದದ್ದು ಆ ಕೊನೇ ಸಾಲೇ. ಆದರೂ ಎಲ್ಲಕ್ಕೂ ಸಿಗಲಿಲ್ಲ, ಹೆಸರು ತಿಳಿಯದವರ ವಚನಗಳು ಅಂತಲೇ ಒಂದಿಷ್ಟು ಬೇರೆಯಾಗಿ ಅಚ್ಚಾಗಿವೆ. ಅಂಕಿತ ಅಂದರೆ ಎಷ್ಟು ಸೂಕ್ಷ್ಮ ಅಂತೀರಾ? ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಇದ್ದಲ್ಲಿ ಲಿಂಗದೇವ ಅಂತ ಬದಲಿಸಿದ್ದಕ್ಕೆ 1998ರಲ್ಲಿ ಸರ್ಕಾರ ಪುಸ್ತಕವನ್ನೇ ನಿಷೇಧಿಸಿತು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2017ರಲ್ಲಿ ನಿಷೇಧವೇ ಉಳಿಯಿತು. ಆ ದಿನ ಬ್ರೇಕಿಂಗ್ ನ್ಯೂಸ್ ಓದಿದವನು ನಾನೇ. ಒಂದು ಪದಕ್ಕೆ ಇಷ್ಟು ದೊಡ್ಡ ಜಗಳವೇ ಅಂದುಕೊಂಡಿದ್ದೆ. ಕ್ಯಾಸೆಟ್ ಕೈಗೆ ಬಂದ ಮೇಲೆ ಹಾಗನ್ನಿಸುವುದಿಲ್ಲ.

ರೆಕಾರ್ಡಿಂಗ್ ಯಂತ್ರ ಬಂದಾಗಲೂ ಇದೇ ಪದ್ಧತಿ ಇತ್ತು ಅಂದರೆ ನಂಬ್ತೀರಾ? 1902ರಲ್ಲಿ ಕಲ್ಕತ್ತಾದ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಕಾರಣ ಇಷ್ಟೇ, ತಟ್ಟೆ ಅಚ್ಚಾಗೋದು ಜರ್ಮನಿಯಲ್ಲಿ, ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದು ಅಂತ ತಿಳಿಯಬೇಕಲ್ಲ. ಕೊನೆಗಾಲದಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡ ಆಕೆಯ ಧ್ವನಿ ಇವತ್ತೂ ತನ್ನ ಹೆಸರನ್ನ ತಾನೇ ಹೇಳುತ್ತೆ. ಆಕಾಶವಾಣಿಯವರೂ ಹಾಗೇ. ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ, ಹಾಡಿದವರು, ಎಲ್ಲಾ ಹೇಳಿಯೇ ಹಾಡು ಹಾಕೋರು. ಬೇಜಾರು ಅನ್ನಿಸ್ತಿತ್ತು ನಮಗೆ. ಈಗ ಯೂಟ್ಯೂಬಿನಲ್ಲಿ ನೋಡಿ, ಕವಿ ಬರೆದದ್ದಕ್ಕೂ 'ಜಾನಪದ' ಅಂತ ಒಂದು ಹಣೆಪಟ್ಟಿ, ಮುಗೀತು. ಇದು ಬರೀ ಗೌರವದ ಮಾತಲ್ಲ, ದುಡ್ಡಿನ ಮಾತೂ ಹೌದು. 2012ರ ತಿದ್ದುಪಡಿ ಆದ ಮೇಲೆ ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಪಾಲು ಕಾನೂನಿನಲ್ಲಿ ಇದೆ. ಹೆಸರೇ ಗೊತ್ತಿಲ್ಲದಿದ್ದರೆ ಪಾಲು ಕೊಡೋದು ಯಾರಿಗೆ?

ಟಿವಿಯವರ ಅರ್ಹತೆ ಬಗ್ಗೆ ಹೇಳ್ತೀನಿ ಅಂದಿದ್ದೆ. ವರದಿಗಾರನಾಗಿದ್ದ ದಿನಗಳಲ್ಲಿ ಇದೇ ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತತ್ವಪದ ಹಾಡುವ ಒಬ್ಬ ಅಜ್ಜನನ್ನ ಚಿತ್ರೀಕರಿಸಿದ್ದೆ. ಒಂದು ಗಂಟೆ ಹಾಡಿದರು. ನಾವು ಒಂದೂವರೆ ನಿಮಿಷ ತೋರಿಸಿದೆವು. ಆಗ ಟೇಪ್ ದುಬಾರಿ, ಅದರ ಮೇಲೇ ಮುಂದಿನ ವಾರ ಯಾವುದೋ ಪಕ್ಷದ ಸಮಾವೇಶ ರೆಕಾರ್ಡ್ ಆಯ್ತು. ಟೇಪ್ ಕೊಟ್ಟವನು ನಾನೇ. ಆ ಅಜ್ಜನ ಹೆಸರು ಡೈರಿಯಲ್ಲಿ ಬರೆದುಕೊಂಡಿರಲಿಲ್ಲ, ಈಗ ನೆನಪೂ ಇಲ್ಲ. 'ಕುರ್ಬಾನಿ' ರೆಕಾರ್ಡ್ ಮಾಡಿದವರನ್ನ ಬೈಯಲು ನನಗೆ ಬಾಯಿಲ್ಲ.

ಕಾರ್ಯಕ್ರಮದ ಕೊನೆಯಲ್ಲಿ ನಲವತ್ತು ಸೆಕೆಂಡ್ ಹಾಕಿ ವೀಕ್ಷಕರನ್ನೇ ಕೇಳಿದೆ. ಫೋನೋ ಫೋನು. ಪುರಂದರದಾಸರದು ಅಂದರು. ಅಲ್ಲ, ತತ್ವಪದ ಅಂದರು. ಒಬ್ಬರು ಇದು ನಮ್ಮಜ್ಜ ಕಟ್ಟಿದ್ದು, ಪ್ರಸಾರ ಮಾಡಿದ್ದಕ್ಕೆ ದುಡ್ಡು ಕೊಡಿ ಅಂದರು. ನಾಲ್ಕು ದಿನ ಆದ ಮೇಲೆ ಬಸವಕಲ್ಯಾಣ ಕಡೆಯ ಹಳ್ಳಿಯಿಂದ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಬಂತು. ಮೊಮ್ಮಗಳ ಫೋನು, ಅಜ್ಜಿಯ ದನಿ. ಪೀಠಿಕೆ ಇಲ್ಲ, ಏನಿಲ್ಲ. ಇಡೀ ಪದ ಹಾಡಿದರು, ಅಳಿಸಿಹೋದ ಕೊನೇ ನುಡಿಯನ್ನೂ ಸೇರಿಸಿ. ಕೊನೇ ಸಾಲಿನಲ್ಲಿ 'ಮಾಣಿಕ' ಅಂತ ಬಂತು.

ಹುಮನಾಬಾದಿನವರಿಗೆ ವಿವರಿಸಬೇಕಿಲ್ಲ, ಉಳಿದವರಿಗೆ ಹೇಳ್ತೀನಿ. ಮಾಣಿಕ ಪ್ರಭುಗಳು 1817ರಲ್ಲಿ ಹುಟ್ಟಿದ್ದು ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ನೆಲೆಸಿದ್ದು ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ. 1865ರಲ್ಲಿ ಸಮಾಧಿಯಾದರು. ಎಲ್ಲಾ ಮತಗಳೂ ನಮ್ಮವೇ ಅಂದ ಸಕಲಮತ ಸಂಪ್ರದಾಯ ಅವರದು. ಅದಕ್ಕೆ ತಕ್ಕ ಹಾಗೆ ಮರಾಠಿ, ಕನ್ನಡ, ಹಿಂದಿ ಅಂತ ಹಲವು ಭಾಷೆಗಳಲ್ಲಿ ಪದ ಕಟ್ಟಿದರು. ಅಂಕಿತ ಮಾಣಿಕ. ದೊಡ್ಡ ದೊಡ್ಡ ಗವಾಯಿಗಳು ಅಲ್ಲಿಯ ದರ್ಬಾರಿಗೆ ಬಂದು ಹಾಡಿ ಹೋಗುವ ಪದ್ಧತಿ ಇವತ್ತಿಗೂ ಇದೆ. ಇಷ್ಟು ಹತ್ತಿರದ ಪದ ನಮ್ಮವರಿಗೆ ಯಾಕೆ ಗೊತ್ತಾಗಲಿಲ್ಲ? ಅದು ಮರಾಠಿ ಪದ, ಹಾಡಿದ್ದು ಕನ್ನಡದ ನಾಲಿಗೆ. ಬಾಯಿಂದ ಬಾಯಿಗೆ ಬರುತ್ತಾ ಪದಗಳು ಕನ್ನಡದಂತೆ ಬಾಗಿದ್ದವು. ನಾವೆಲ್ಲ ಅದನ್ನ ಕನ್ನಡ ಅಂತಲೇ ಕೇಳಿಸಿಕೊಂಡು ಅರ್ಥ ಹುಡುಕುತ್ತಿದ್ದೆವು. ಅಚ್ಚಾದ ಪದಗಳ ಪುಸ್ತಕದಲ್ಲಿ ನೋಡಿದೆವು, ಇತ್ತು. ಜರ್ಮನಿಯ ಹಾಡಿನ ಸಾಹಿತ್ಯ ಹತ್ತು ಕಿವಿಗೆ ಹತ್ತು ಥರ ಕೇಳಿಸಿದ ಕಥೆಯೇ ಇಲ್ಲೂ ಆಗಿತ್ತು.

ಗೆದ್ದೆವು ಅಂತ ಟೇಲರ್‌ಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬರ್ದವರು ಪ್ರಭುಗಳು ಅಂತ ಗೊತ್ತಾತು, ಭಾಳ ಸಂತೋಷ ರೀ ಸರ್. ಆದ್ರ ನಾ ಕೇಳಿದ್ದು ಅದಲ್ಲ. ಹಾಡಿದಾಕಿ ಯಾರು?"

ಇದಕ್ಕೆ ಪುಸ್ತಕ ಇಲ್ಲ. ಮೂವರಲ್ಲಿ ಈಗ ಬದುಕಿರುವವರು ಯಾರು ಅಂತಲೂ ಅವರಿಗೆ ಗೊತ್ತಿರಲಿಲ್ಲ. ತಾಯಿಯ ತಂಗಿ ಒಬ್ಬರು ಬಸವಕಲ್ಯಾಣದಲ್ಲಿದ್ದರು, ಎಪ್ಪತ್ತೈದು ದಾಟಿದವರು, ಕಿವಿ ಮಂದ. ನಮ್ಮ ಸೌಂಡ್ ಎಂಜಿನಿಯರ್ ಕ್ಯಾಸೆಟ್ಟಿನ ಗರಗರ ಎಲ್ಲಾ ತೆಗೆದು ಚೊಕ್ಕ ಮಾಡಿ ಕೊಟ್ಟಿದ್ದ ಪ್ರತಿಯನ್ನ ಕಳಿಸಿದೆ. ಇಯರ್‌ಫೋನ್ ಹಾಕಿ ಕೇಳಿಸಿದರಂತೆ. ಚಿಗವ್ವ ತಲೆ ಅಲ್ಲಾಡಿಸಿದರು. ಗೊತ್ತಾಗವಲ್ದು.

ಇಂಥ ಹುಡುಕಾಟ ಮಾಡುವವರಲ್ಲಿ ಒಂದು ನಿಯಮ ಇದೆ. ಮೂಲ ಪ್ರತಿಯನ್ನ ಮುಟ್ಟಬೇಡಿ, ಹೇಗಿದೆಯೋ ಹಾಗೇ ಕೊಡಿ. ಕಸ ಅಂತ ತೆಗೆದದ್ದರಲ್ಲೇ ಸುಳಿವು ಇರಬಹುದು. ಜರ್ಮನಿಯ ಟೇಪಿನ ಆ ಸಣ್ಣ ಶಿಳ್ಳೆ ಗೆರೆಯನ್ನ ಯಾರಾದರೂ ಚೊಕ್ಕ ಮಾಡಿದ್ದರೆ? ಅದು ನೆನಪಾಗಿ ಚೊಕ್ಕ ಮಾಡದ ಪ್ರತಿಯನ್ನೂ ಕಳಿಸಿದೆ. ಗರಗರ, ಲಾರಿ ಹಾರ್ನ್ ಎಲ್ಲಾ ಇರೋದು.

ಸಂಜೆ ಟೇಲರ್ ಫೋನ್ ಮಾಡಿದರು. ಎರಡನೇ ನುಡಿ ನಡುವೆ ಮೂವರಲ್ಲಿ ಒಬ್ಬಾಕೆ ಕೆಮ್ಮುತ್ತಾಳೆ, ಒಂದು ಸಾಲು ಬಿಡುತ್ತಾಳೆ, ಆಮೇಲೆ ಮತ್ತೆ ಎತ್ತಿಕೊಳ್ಳುತ್ತಾಳೆ. ಎಂಜಿನಿಯರ್ ಆ ಕೆಮ್ಮನ್ನ ತೆಗೆದುಹಾಕಿದ್ದ. ಚಿಗವ್ವ ಅದನ್ನ ಕೇಳಿದ್ದೇ ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದರಂತೆ.

"ಆಕೀನ ನಮ್ಮಕ್ಕ. ಆ ವರ್ಷ ಆಕಿಗಿ ಕೆಮ್ಮು ಹತ್ತಿತ್ತು, ಬಿಡಲೇ ಇಲ್ಲ. ಮದಲ ಹಾಡು ಬಿಟ್ಟಿದ್ದಿಲ್ಲ ನೋಡು ಆಕಿ."

ಚೊಕ್ಕ ಮಾಡಿದ್ದು ಬ್ಯಾಡ, ಕೆಮ್ಮು ಇದ್ದದ್ದೇ ಕೊಡ್ರಿ ಅಂದರು ಟೇಲರ್. ಪೆನ್‌ಡ್ರೈವಿಗೆ ಹಾಕಿ, ಕ್ಯಾಸೆಟ್ಟಿನ ಜೊತೆ ಕೊರಿಯರ್ ಮಾಡಿದೆವು. ಮರುವಾರ ಒಂದು ಫೋಟೋ ಕಳಿಸಿದ್ದರು. ಕ್ಯಾಸೆಟ್ಟಿನ ಡಬ್ಬಿಯೊಳಗಿನ ಕಾರ್ಡಿನಲ್ಲಿ ನೀಲಿ ಬಾಲ್‌ಪೆನ್ನಿನಿಂದ ಬರೆದಿದ್ದಾರೆ: ಪದ, ಮಾಣಿಕ ಪ್ರಭುಗಳದು. ಆಮೇಲೆ ತಾಯಿಯ ಹೆಸರು. ಉಳಿದ ಇಬ್ಬರು ಹೆಂಗಸರ ಹೆಸರನ್ನೂ ಚಿಗವ್ವನ ಹತ್ತಿರ ಕೇಳಿದ್ದಾರೆ. ಒಬ್ಬರದು ಸಿಕ್ಕಿದೆ. ಇನ್ನೊಬ್ಬರ ಹೆಸರಿಗೆ ಜಾಗ ಖಾಲಿ ಬಿಟ್ಟಿದ್ದಾರೆ.